ಯುನಿಕ್ಸ್ ಗಣಕವನ್ನು ಅಂಚೆ ಸೇವೆಗೆ ಅಣಿಗೊಳಿಸುವುದು

1988ರ ನವೆಂಬರ್ 2ರಂದು ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬರೆದ ಪುಟ್ಟ ಪ್ರೋಗ್ರಾಂ ಒಂದು ಇಂಟರ್‌ನೆಟ್ಟನ್ನು ಹೊಕ್ಕಿತು. ಅದರ ಹಾವಳಿಗೆ ಸುಮಾರು 6,000 ಯುನಿಕ್ಸ್ ಗಣಕಗಳು ಸಿಕ್ಕವೆಂಬುದು ಅಂದಿನ ಅಂದಾಜು. ಅದು ಒಳನುಗ್ಗಿದ ದಾರಿಗಳಲ್ಲಿ ಒಂದು, ವಿದ್ಯುನ್ಮಾನ ಅಂಚೆಯನ್ನು ಸಾಗಿಸುವ ಸೆಂಡ್‌ಮೇಲ್ ತಂತ್ರಾಂಶ. ದೋಷ ಪತ್ತೆಗೆಂದು ಇಟ್ಟಿದ್ದ ಡಿಬಗ್ ಸೌಲಭ್ಯವನ್ನು ಅನೇಕ ಗಣಕಗಳಲ್ಲಿ ಮುಚ್ಚದೆ ಹಾಗೆಯೇ ಬಿಡಲಾಗಿತ್ತು.

ಆದ್ದರಿಂದ ಹೊಸ ಸಂಪರ್ಕ ತಂತ್ರಾಂಶವನ್ನು ಸ್ಥಾಪಿಸುವ ಮುನ್ನ ಯಾವ ಬಾಗಿಲು ತೆರೆದಿದೆ ಎಂದು ನೋಡಬೇಕು. ಜಾಲದ ಈ ಬಾಗಿಲುಗಳಿಗೆ ಪೋರ್ಟ್ ಎಂದು ಹೆಸರು. ಪ್ರತಿಯೊಂದಕ್ಕೂ ಒಂದು ಸಂಖ್ಯೆಯಿದೆ. ಅಂಚೆಯದು 25. ನೆಟ್‌ಸ್ಟಾಟ್ ಆಜ್ಞೆ ಕೊಟ್ಟರೆ ತೆರೆದಿರುವ ಪೋರ್ಟುಗಳ ಪಟ್ಟಿ ಸಿಗುತ್ತದೆ. ಬೇಡದ ಸೇವೆಗಳನ್ನು ಆಗಲೇ ನಿಲ್ಲಿಸಬೇಕು. ಹಳೆಯ ಸೆಂಡ್‌ಮೇಲ್ 25ರಲ್ಲಿ ಕುಳಿತಿದ್ದರೆ ಹೊಸದಕ್ಕೆ ಅಲ್ಲಿ ಜಾಗವಿಲ್ಲ.

1998ರಲ್ಲಿ ಐಬಿಎಂ ಸಂಸ್ಥೆಯಲ್ಲಿದ್ದ ವೀಟ್ಸೆ ವೆನೆಮಾ ಅವರು ಹೊರತಂದ ಪೋಸ್ಟ್‌ಫಿಕ್ಸನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಸ್ಥಾಪಿಸುವ ಮೊದಲೇ ಪೋಸ್ಟ್‌ಫಿಕ್ಸ್ ಎಂಬ ಬಳಕೆದಾರ ಖಾತೆಯನ್ನೂ ಪೋಸ್ಟ್‌ಡ್ರಾಪ್ ಎಂಬ ಗುಂಪನ್ನೂ ಸೃಷ್ಟಿಸಬೇಕೆಂದು ಅದು ಕೇಳುತ್ತದೆ. ಆ ಖಾತೆಯಿಂದ ಯಾರೂ ಲಾಗಿನ್ ಆಗುವಂತಿರಬಾರದು. ಇದೇಕೆ? ಯುನಿಕ್ಸಿನಲ್ಲಿ 1024ಕ್ಕಿಂತ ಕೆಳಗಿನ ಪೋರ್ಟುಗಳನ್ನು ತೆರೆಯುವ ಅಧಿಕಾರ ರೂಢಿಯಂತೆ ರೂಟ್ ಎಂಬ ಸರ್ವಾಧಿಕಾರಿಗೆ ಮಾತ್ರ. ಆದರೆ ಹೊರಗಿನಿಂದ ಬಂದ ಪತ್ರವನ್ನು ಓದುವ ಕೆಲಸವನ್ನೂ ರೂಟ್ ಮಾಡಿದರೆ, ತಂತ್ರಾಂಶದ ಒಂದು ದೋಷದಿಂದ ಇಡೀ ಗಣಕವೇ ಪರರ ವಶವಾದೀತು. ಪೋಸ್ಟ್‌ಫಿಕ್ಸಿನಲ್ಲಿ ಬಾಗಿಲು ತೆರೆಯುವ ಕೆಲಸ ರೂಟಿನದು. ಉಳಿದ ಬಹುಪಾಲು ಕೆಲಸ ಆ ಬಡಪಾಯಿ ಖಾತೆಯದು. ಕಳ್ಳ ಒಳಬಂದರೂ ಅವನಿಗೆ ದಕ್ಕುವುದು ಜಗಲಿ ಮಾತ್ರ. ಅವಸರದಲ್ಲಿ ಎಲ್ಲವನ್ನೂ ರೂಟಿನ ಹೆಸರಿನಲ್ಲೇ ನಡೆಸುವವರು ಈಗಲೂ ಇದ್ದಾರೆ!

ಇನ್ನು ಜಾಗದ ಮಾತು. ಕಳುಹಿಸಲಾಗದೆ ಉಳಿದ ಪತ್ರಗಳೂ ದಿನಚರಿ ಕಡತಗಳೂ ಸಾಮಾನ್ಯವಾಗಿ ವಾರ್ ಡೈರೆಕ್ಟರಿಯಲ್ಲಿ ಸೇರುತ್ತವೆ. ಅದಕ್ಕೆ ಡಿಸ್ಕಿನಲ್ಲಿ ಪ್ರತ್ಯೇಕ ವಿಭಾಗವಿರುವುದು ಕ್ಷೇಮ. ಅದು ತುಂಬಿದರೂ ಮೂಲ ವಿಭಾಗಕ್ಕೆ ತೊಂದರೆಯಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ಸರದಿಯಲ್ಲಿರುವ ಪ್ರತಿ ಪತ್ರವೂ ಒಂದೊಂದು ಕಡತ, ಪ್ರತಿ ಕಡತಕ್ಕೂ ಒಂದು ಐನೋಡ್ ಬೇಕು. ಅನೇಕ ಕಡತ ವ್ಯವಸ್ಥೆಗಳಲ್ಲಿ ಐನೋಡುಗಳ ಸಂಖ್ಯೆ ಫಾರ್ಮ್ಯಾಟ್ ಮಾಡುವಾಗಲೇ ನಿಶ್ಚಯವಾಗಿರುತ್ತದೆ. ಅವು ಮುಗಿದರೆ ಡಿಸ್ಕಿನ ಅರ್ಧ ಖಾಲಿಯಿದ್ದರೂ ಹೊಸ ಪತ್ರ ಒಳಬರದು.

ಗಣಕದ ಪೂರ್ಣ ಹೆಸರು ಡಿಎನ್‌ಎಸ್‌ನಲ್ಲಿ ಸರಿಯಾಗಿ ದಾಖಲಾಗಿರಬೇಕು. ವಿಳಾಸದಿಂದ ಹೆಸರನ್ನು ಹುಡುಕಿದರೂ ಅದೇ ದೊರೆಯಬೇಕು. ಇಲ್ಲವಾದರೆ ಅನೇಕ ಸರ್ವರ್‌ಗಳು ಪತ್ರವನ್ನು ತಿರಸ್ಕರಿಸುತ್ತವೆ. ಎನ್‌ಟಿಪಿ ಮೂಲಕ ಗಡಿಯಾರವನ್ನೂ ಸರಿಹೊಂದಿಸಿರಬೇಕು.

ಇಷ್ಟಾದ ಮೇಲೆ ಇಟಿಸಿ ಡೈರೆಕ್ಟರಿಯ ಪ್ರತಿಯೊಂದನ್ನು ಬೇರೆಡೆ ತೆಗೆದಿಟ್ಟು ಸ್ಥಾಪನೆಗೆ ತೊಡಗಬಹುದು. ಮೊದಲ ಪತ್ರವನ್ನು ಅದೇ ಗಣಕದ ಇನ್ನೊಬ್ಬ ಬಳಕೆದಾರರಿಗೆ ಕಳುಹಿಸಿ, ದಿನಚರಿ ಕಡತದಲ್ಲಿ ಅದು ಸಾಗಿದ ಹಾದಿಯನ್ನು ಓದಿ. ಹೊರಜಾಲಕ್ಕೆ 25ನೇ ಪೋರ್ಟನ್ನು ತೆರೆಯುವುದು ಆಮೇಲೆ.