ಡೀಸೆಲ್ ಪಂಪ್‌ಸೆಟ್ ಸ್ಟಾರ್ಟ್ ಆಗದಿದ್ದರೆ

ಬೇಸಿಗೆಯಲ್ಲಿ ಅಡಿಕೆ ತೋಟ ಬಾಡುತ್ತಿರುವಾಗಲೇ ಪಂಪ್‌ಸೆಟ್ ಹಟ ಹಿಡಿಯುವುದುಂಟು. ಮೆಕ್ಯಾನಿಕನನ್ನು ಕರೆಯುವ ಮೊದಲು ನಾವೇ ಒಂದನ್ನು ಪರೀಕ್ಷಿಸೋಣ. ಟ್ಯಾಂಕಿಯ ಡೀಸೆಲ್ ಒಮ್ಮೆ ಪೂರ್ತಿ ಮುಗಿದರೆ ಪೈಪಿನೊಳಗೆ ಗಾಳಿ ಸೇರುತ್ತದೆ. ಮತ್ತೆ ತುಂಬಿಸಿದರೂ ಡೀಸೆಲ್ ನೋಜಲಿಗೆ ತಲುಪದು. ಫಿಲ್ಟರಿನಲ್ಲೂ ಫ್ಯೂಯಲ್ ಪಂಪಿನಲ್ಲೂ ಇರುವ ಗಾಳಿ ಬಿಡುವ ಸ್ಕ್ರೂಗಳನ್ನು ಒಂದೊಂದಾಗಿ ಸಡಿಲಿಸಿ, ಗುಳ್ಳೆಯಿಲ್ಲದೆ ಡೀಸೆಲ್ ಹರಿದ ಬಳಿಕ ಬಿಗಿಯಬೇಕು. ಡಿಕಂಪ್ರೆಶನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸುವಾಗ ನೋಜಲಿನಲ್ಲಿ ‘ಕಿರ್ ಕಿರ್’ ಸದ್ದು ಕೇಳಿದರೆ ಡೀಸೆಲ್ ತಲುಪಿತೆಂದು ಅರ್ಥ.

ಎಂಜಿನ್ ಹೊರಟಿತೆಂದು ಮೈಮರೆಯಬಾರದು. ಬಾವಿಯೊಳಗೆ ಅಥವಾ ಮುಚ್ಚಿದ ಪಂಪ್‌ಶೆಡ್ಡಿನಲ್ಲಿ ಅದನ್ನು ಓಡಿಸುವುದು ಅಪಾಯ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಸುತ್ತಿದ ಮೇಲೆ ಹತ್ತಿ ಬರುವ ಶಕ್ತಿ ಇರಲಾರದು. ತೋಟಕ್ಕೆ ಒಂದು ದಿನ ನೀರು ತಪ್ಪಿದರೂ ಚಿಂತೆಯಿಲ್ಲ, ಜೀವ ಮುಖ್ಯ.