ಕೂತರೆ ಕರಗುವ ಠೇವಣಿ



2023ರ ಮಳೆಗಾಲದಲ್ಲಿ ನಮ್ಮ ಕಟ್ಟಡದ ಮೆಟ್ಟಿಲ ಮೇಲೆ ಜಾರಿ ಕೈಯೂರಿದೆ. ಬಿದ್ದದ್ದು ಒಂದೇ ಮೆಟ್ಟಿಲು, ಮಣಿಕಟ್ಟು ಮುರಿಯಿತು! "ಎಲುಬು ತೆಳುವಾಗಿದೆ ಅಮ್ಮಾ, ಗಟ್ಟಿ ಮಾಡಿಕೊಳ್ಳುವ ವಯಸ್ಸು ಹದಿಮೂರು, ಹದಿನಾಲ್ಕು" ಎಂದರು ಡಾಕ್ಟರು. ನನಗೆ ನಗು ಬಂತು. ಶಿವಮೊಗ್ಗದಲ್ಲಿ ನನಗೆ ಹದಿಮೂರಾದದ್ದೇ ತಡ, "ಹೆಣ್ಣುಮಕ್ಕಳು ಧಪಧಪ ಹಾರಬಾರದು" ಎಂದು ಅಜ್ಜಿ ಕುಂಟೆಬಿಲ್ಲೆ ಬಿಡಿಸಿದ್ದರು. ಎಲುಬಿಗೆ ಬೇಕಾದದ್ದು ಆ ಧಪಧಪವೇ.

ಎಲುಬು ಜಡವಾದ ಕಲ್ಲಲ್ಲ. ಹಳೆಯದು ಕರಗಿ ಹೊಸದು ಕಟ್ಟುತ್ತಲೇ ಇರುತ್ತದೆ. ಹುಡುಗಿಯರ ಎಲುಬಿನ ಬಲದಲ್ಲಿ ಸುಮಾರು ಶೇಕಡಾ 90 ಭಾಗ 18 ವರ್ಷದೊಳಗೇ ಕೂಡಿಬೀಳುತ್ತದೆ. ಮುಟ್ಟು ನಿಂತ ಮೇಲೆ ನಾವು ಖರ್ಚು ಮಾಡುವುದು ಈ ಠೇವಣಿಯನ್ನೇ.

ಭಾರ ಬಿದ್ದ ಕಡೆ ಎಲುಬು ಬೆಳೆಯುತ್ತದೆ. ಚಿಕ್ಕಂದಿನಿಂದ ಟೆನಿಸ್ ಆಡಿದವರ ರ‍್ಯಾಕೆಟ್ ಹಿಡಿಯುವ ಕೈಯ ಎಲುಬು ಇನ್ನೊಂದಕ್ಕಿಂತ ದಪ್ಪ. ಮೈಭಾರವೇ ತಿಳಿಯದ ಅಂತರಿಕ್ಷದಲ್ಲಿ ಯಾತ್ರಿಗಳ ಎಲುಬು ಸವೆಯುತ್ತದೆ. ಈಜು, ಸೈಕಲ್ ಎದೆಗೂ ಉಸಿರಿಗೂ ಒಳ್ಳೆಯದು. ಎಲುಬಿಗೆ ಅಷ್ಟೇ ಸಾಲದು. ಹಗ್ಗದಾಟ, ಕುಂಟೆಬಿಲ್ಲೆ, ಬ್ಯಾಡ್ಮಿಂಟನ್, ಭರತನಾಟ್ಯ, ಲಿಫ್ಟ್ ಬಿಟ್ಟು ಮೆಟ್ಟಿಲು: ಇವು ಬೇಕು. ಜೊತೆಗೆ ಬಿಸಿಲು, ಹಾಲು, ರಾಗಿ. ತೆಳ್ಳಗಾಗಲೆಂದು ಊಟ ಬಿಟ್ಟು ಮುಟ್ಟು ತಪ್ಪಿತೋ, ಎಲುಬೂ ಸೊರಗಿತು.

ಇನ್ನು ನನ್ನದೇ ಒಂದು ತಪ್ಪು ಹೇಳಿಬಿಡುತ್ತೇನೆ. ನಮ್ಮ ಸೊಸೈಟಿಯ ಮಕ್ಕಳ ಆಟಕ್ಕೆ ಗಾಲಿಕುರ್ಚಿಯಲ್ಲಿ ಒಬ್ಬ ಹುಡುಗಿ ಬರುತ್ತಿದ್ದಳು. ಪಾಪ, ಬೇಜಾರಾಗದಿರಲೆಂದು ಅವಳ ಕೈಗೆ ಅಂಕ ಬರೆಯುವ ಪುಸ್ತಕ ಕೊಟ್ಟವಳು ನಾನೇ. ಅಜ್ಜಿ ನನ್ನನ್ನು ಕೂರಿಸಿದಂತೆ ನಾನು ಅವಳನ್ನು ಕೂರಿಸಿದೆ. ಭಾರ ಹೊರದ ಕಾಲಿನ ಎಲುಬು ಬೇಗ ತೆಳುವಾಗುತ್ತದೆ. ವ್ಯಾಯಾಮ ಅವಳಿಗೇ ಹೆಚ್ಚು ಬೇಕಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದ್ದೂ ಇದನ್ನೇ: 5ರಿಂದ 17 ವರ್ಷದವರು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯಬೇಕು, ವಾರಕ್ಕೆ ಕನಿಷ್ಠ 3 ದಿನ ಸ್ನಾಯು, ಎಲುಬು ಬಲಿಯುವಂಥ ಚಟುವಟಿಕೆ ಬೇಕು. ಅಂಗವೈಕಲ್ಯ ಇರುವ ಮಕ್ಕಳಿಗೂ ಇದೇ ಮಾತು.

ಈಗ ಅವಳು ಫಿಸಿಯೋಥೆರಪಿಸ್ಟ್ ಹೇಳಿಕೊಟ್ಟಂತೆ ನೀರಿನ ಬಾಟಲಿ ಎತ್ತುತ್ತಾಳೆ, ಆಸರೆ ಹಿಡಿದು ದಿನವೂ ಸ್ವಲ್ಪ ಹೊತ್ತು ನಿಲ್ಲುತ್ತಾಳೆ. ಲಗೋರಿಯಲ್ಲಿ ಅವಳ ಚೆಂಡಿನ ಗುರಿ ತಪ್ಪುವುದಿಲ್ಲ. ಕಣ್ಣು ಕಾಣದ ಗೆಳತಿಯಿದ್ದರೆ ಕೈಹಿಡಿದು ಜೊತೆಗೆ ಹಾರಿ. ಎಲುಬು ಸುಲಭವಾಗಿ ಮುರಿಯುವವರು ಮಾತ್ರ ಡಾಕ್ಟರನ್ನು ಕೇಳದೆ ಹಾರಬೇಡಿ.

ಇಪ್ಪತ್ತು ದಾಟಿದವರೇ, ನಿರಾಶರಾಗಬೇಡಿ. ಗಳಿಸಲು ಇನ್ನೂ ಕೆಲವು ವರ್ಷವಿದೆ. ಗಳಿಸಿದ್ದನ್ನು ಉಳಿಸಲು ಆಯುಷ್ಯವೆಲ್ಲ ಇದೆ.

ಈ ಭಾನುವಾರ ಟೆರೇಸಿನಲ್ಲಿ ಸೀಮೆಸುಣ್ಣದಿಂದ ಕುಂಟೆಬಿಲ್ಲೆಯ ಮನೆ ಬರೆಯಿರಿ. ಧಪಧಪ ಸದ್ದಾಗಲಿ. ಅಂಕ ಬರೆಯುವ ಪುಸ್ತಕ ನನಗೆ ಕೊಡಿ, ನಾನು ಬರೆಯುತ್ತೇನೆ. ನಿಮ್ಮಲ್ಲಿ ಯಾರೊಬ್ಬರೂ ಸುಮ್ಮನೆ ಕೂರಬೇಡಿ.