ಚಲನಚಿತ್ರದ ಕಥಾಸೂತ್ರ: ಒಂದು ಸೇಡಿನ ಕಥೆಯ ನಿದರ್ಶನ

ಚಲನಚಿತ್ರವು ತೆರೆಯ ಮೇಲೆ ಮೂಡುವುದಕ್ಕೆ ಮೊದಲು ಕಾಗದದ ಮೇಲೆ ಹಲವು ರೂಪಗಳನ್ನು ತಾಳುತ್ತದೆ. ಅವುಗಳಲ್ಲಿ ಅತ್ಯಂತ ಚಿಕ್ಕದು ಕಥಾಸೂತ್ರ. ಚಿತ್ರರಂಗದವರು ಇದನ್ನು ‘ಲಾಗ್‌ಲೈನ್’ ಎನ್ನುತ್ತಾರೆ. ಕಥೆಯ ನಾಯಕನಾರು, ಯಾವ ಘಟನೆ ಅವನನ್ನು ಕದಲಿಸಿತು, ಅವನಿಗೆ ಬೇಕಾದುದೇನು, ಅಡ್ಡಿಯಾಗಿರುವುದೇನು, ಅವನು ತೆರಬೇಕಾದ ಬೆಲೆಯೇನು ಎಂಬ ಐದು ಪ್ರಶ್ನೆಗಳಿಗೆ ಒಂದೆರಡು ವಾಕ್ಯಗಳಲ್ಲಿ ಉತ್ತರ ಹೇಳುವುದೇ ಅದರ ಕೆಲಸ. ನಿರ್ಮಾಪಕನು ಹಣ ಹೂಡುವ ಮುನ್ನ ಓದುವುದು ಇದನ್ನು. ಬರೆಯುವವನಿಗಾದರೋ ತನ್ನ ಕಥೆ ತನಗೇ ಅರ್ಥವಾಗಿದೆಯೇ ಎಂದು ಪರೀಕ್ಷಿಸಿಕೊಳ್ಳುವ ಒರೆಗಲ್ಲು ಇದು.

ಐತಿಹಾಸಿಕ ಸೇಡಿನ ಕಥೆಗಳಲ್ಲಿ ಈ ಪರೀಕ್ಷೆ ಇನ್ನಷ್ಟು ಕಠಿಣ. ಇದಕ್ಕೆ ಜಪಾನಿನ 47 ರೋನಿನ್‌ಗಳ, ಎಂದರೆ ಒಡೆಯನಿಲ್ಲದ ಯೋಧರ, ವೃತ್ತಾಂತವು ಒಳ್ಳೆಯ ನಿದರ್ಶನ. 1701ರಲ್ಲಿ ಎದೋ ನಗರದ ಕೋಟೆಯೊಳಗೆ ಅಕೋ ಸಂಸ್ಥಾನದ ಒಡೆಯ ಅಸಾನೋ ನಗನೋರಿಯು ಆಸ್ಥಾನದ ವಿಧಿವಿಧಾನಗಳ ಅಧಿಕಾರಿಯಾದ ಕಿರಾ ಯೋಶಿನಾಕನ ಮೇಲೆ ಕತ್ತಿ ಎತ್ತಿ ಗಾಯಗೊಳಿಸಿದನು. ಅಂದೇ ಆತನಿಗೆ ‘ಸೆಪ್ಪುಕು’, ಎಂದರೆ ತನ್ನ ಹೊಟ್ಟೆಯನ್ನು ತಾನೇ ಸೀಳಿಕೊಂಡು ಸಾಯುವ ಶಿಕ್ಷೆಯಾಯಿತು, ಸಂಸ್ಥಾನ ಮುಟ್ಟುಗೋಲಾಯಿತು. ಕಿರಾನಿಗೆ ಯಾವ ದಂಡನೆಯೂ ಆಗಲಿಲ್ಲ. ಸುಮಾರು 21 ತಿಂಗಳು ಕಾದು, 1703ರ ಜನವರಿಯ ಕೊನೆಯಲ್ಲಿ, ಸಂಸ್ಥಾನದ ಹಿರಿಯ ಅಧಿಕಾರಿಯಾಗಿದ್ದ ಓಯಿಶಿ ಕುರನೊಸುಕೆಯು ಸಂಗಡಿಗರೊಡನೆ ಕಿರಾನ ಮನೆಗೆ ನುಗ್ಗಿ, ಅವನ ತಲೆಯನ್ನು ತಂದು ಸೆಂಗಾಕುಜಿ ದೇವಾಲಯದಲ್ಲಿದ್ದ ಒಡೆಯನ ಸಮಾಧಿಯ ಮುಂದಿಟ್ಟನು. ಬಳಿಕ ಅವರೆಲ್ಲ ಸರಕಾರಕ್ಕೆ ಶರಣಾದರು. ಅದೇ ವರ್ಷದ ಮಾರ್ಚಿಯಲ್ಲಿ 46 ಮಂದಿ ಆಜ್ಞೆಯಂತೆ ಸೆಪ್ಪುಕು ಮಾಡಿಕೊಂಡರು.

ಇದನ್ನು ಒಂದು ವಾಕ್ಯಕ್ಕಿಳಿಸಲು ಹೊರಟವನ ಮೊದಲ ಪ್ರಯತ್ನ ಬಹುಶಃ ಹೀಗಿದ್ದೀತು: ‘ಒಡೆಯನ ಸಾವಿಗೆ ಕಾರಣನಾದವನನ್ನು ವೀರನೊಬ್ಬ ಕೊಂದು ಸೇಡು ತೀರಿಸಿಕೊಳ್ಳುತ್ತಾನೆ.’ ಇದು ಯಾವ ದೇಶದ, ಯಾವ ಕಾಲದ ಕಥೆಗೂ ಒಪ್ಪುತ್ತದೆ. ಅಡ್ಡಿಯ ಸುಳಿವಿಲ್ಲ, ಮುಕ್ತಾಯವನ್ನು ಮಾತ್ರ ಮೊದಲೇ ಬಿಟ್ಟುಕೊಟ್ಟಿದೆ.

ಈ ಕೊರತೆಯನ್ನು ನೀಗಲು ಹೊರಟವನು ಎರಡನೆಯ ಸಲ ಇಸವಿ, ಕೋಟೆ, ಸಂಸ್ಥಾನ, ಹತ್ತಾರು ಹೆಸರುಗಳನ್ನು ಒಂದೇ ವಾಕ್ಯದೊಳಗೆ ತುರುಕುತ್ತಾನೆ. ಆಗ ಅದು ಚರಿತ್ರೆಯ ಟಿಪ್ಪಣಿಯಾಗುತ್ತದೆಯೇ ಹೊರತು ಕಥೆಯಾಗುವುದಿಲ್ಲ. ಓಯಿಶಿಯ ಹೆಸರನ್ನೇ ಕೇಳದ ಓದುಗನಿಗೆ ಆ ಹೆಸರು ಏನನ್ನೂ ಹೇಳದು. ‘ಹಿರಿಯ ಅಧಿಕಾರಿ’ ಎಂಬ ಮಾತು ಅವನ ಹೊಣೆಯನ್ನು ಹೇಳುತ್ತದೆ.

ಮೂರನೆಯದು: ‘ಹದಿನೆಂಟನೆಯ ಶತಮಾನದ ಆರಂಭದ ಜಪಾನಿನಲ್ಲಿ ಒಡೆಯನನ್ನು ಕಳೆದುಕೊಂಡ ಹಿರಿಯ ಅಧಿಕಾರಿಯೊಬ್ಬ, ಬೇಹುಗಾರರ ಕಣ್ತಪ್ಪಿಸಲು ಕುಡುಕನಂತೆ ನಟಿಸುತ್ತ ಸೇಡಿಗೆ ಹೊಂಚುಹಾಕುತ್ತಾನೆ.’ ಈ ಕುಡಿತದ ನಟನೆ ಐತಿಹ್ಯದಿಂದ ಬಂದದ್ದಾದರೂ ಜನಮನದಲ್ಲಿ ನೆಲೆಸಿದೆ. ಗುರಿಯೂ ಅಡ್ಡಿಯೂ ಇಲ್ಲಿ ಸ್ಪಷ್ಟವಾಗಿವೆ. ಆದರೆ ತೆರಬೇಕಾದ ಬೆಲೆ ಇನ್ನೂ ಕಾಣದು.

ಬೆಲೆಯನ್ನು ಹುಡುಕುವಾಗ ಚರಿತ್ರೆಯೇ ನೆರವಿಗೆ ಬರುತ್ತದೆ. ಈ ಯೋಧರ ಕೃತ್ಯ ಧರ್ಮವೋ ಅಪರಾಧವೋ ಎಂದು ಜಪಾನಿನ ವಿದ್ವಾಂಸರೇ ವಾದಿಸಿದರು. ಅಸಾನೋನನ್ನು ಕೊಂದದ್ದು ಪ್ರಭುತ್ವದ ತೀರ್ಪು, ಕಿರಾ ಅಲ್ಲ. ಆದುದರಿಂದ ಕಿರಾನ ಮೇಲಿನ ಸೇಡಿಗೆ ಆಧಾರವೇ ಇಲ್ಲ ಎಂಬುದು ಸಾತೋ ನವೊಕತನ ವಾದ. ಸ್ವಾಮಿನಿಷ್ಠೆ ಎಷ್ಟೇ ಹಿರಿದಾದರೂ ನಾಡಿನ ಕಾನೂನನ್ನು ಮೀರಲಾಗದೆಂದು ಒಗ್ಯು ಸೊರಾಯಿ ಹೇಳಿದನು. ಗೆದ್ದರೂ ಸಾವು ತಪ್ಪದು. ಸುಮ್ಮನಿದ್ದರೆ ನಿಷ್ಠೆಗೆ ಕಳಂಕ. ಕಥೆಯ ತಿರುಳು ಇಲ್ಲಿದೆ. ಹೀಗಾಗಿ ತಿದ್ದಿದ ಸೂತ್ರ: ‘ಹದಿನೆಂಟನೆಯ ಶತಮಾನದ ಆರಂಭದ ಜಪಾನಿನಲ್ಲಿ, ಒಡೆಯನನ್ನು ಸಾಯಿಸಿ ಎದುರಾಳಿಯನ್ನು ಬಿಟ್ಟುಬಿಟ್ಟ ತೀರ್ಪಿನಿಂದ ನೊಂದ ಹಿರಿಯ ಅಧಿಕಾರಿಯೊಬ್ಬ, ಗೆದ್ದರೂ ಸಂಗಡಿಗರ ಪ್ರಾಣಕ್ಕೆ ಎರವಾಗುವ ಸೇಡಿಗಾಗಿ ತನ್ನ ಮಾನವನ್ನೇ ಒತ್ತೆಯಿಟ್ಟು ಕಾಯುತ್ತಾನೆ.’ ‘ತೀರ್ಪು’ ಎಂಬ ಒಂದು ಪದ ಸೇರಿದೊಡನೆ ವೈಯಕ್ತಿಕ ಹಗೆಯು ನ್ಯಾಯದ ಪ್ರಶ್ನೆಯಾಯಿತು.

ಸೂತ್ರವು ಬದಲಾದರೆ ಚಿತ್ರವೂ ಬದಲಾಗುತ್ತದೆ. ನಿರ್ದೇಶಕ ಮಿಜೊಗುಚಿ ಕೆಂಜಿಯು 1941 ಮತ್ತು 1942ರಲ್ಲಿ ಎರಡು ಭಾಗಗಳಾಗಿ ತೆರೆಗಿತ್ತ ‘ಗೆನ್ರೊಕು ಚೂಶಿನ್‌ಗುರಾ’ದಲ್ಲಿ ಕಿರಾನ ಮನೆಯ ಮೇಲಿನ ದಾಳಿಯನ್ನು ತೋರಿಸಲೇ ಇಲ್ಲ, ಅಸಾನೋನ ಪತ್ನಿಗೆ ಅದರ ಸುದ್ದಿ ಪತ್ರದ ಮೂಲಕ ತಲುಪುತ್ತದೆ. ಕತ್ತಿಯ ಕಾಳಗಕ್ಕಿಂತ ಕಾಯುವಿಕೆಯೂ ಕರ್ತವ್ಯವೂ ಮುಖ್ಯವೆಂದು ಬಗೆದವನಿಗೆ ಮಾತ್ರ ಇಂತಹ ತ್ಯಾಗ ಸಾಧ್ಯ. ನಮ್ಮ ರನ್ನನು ವಿಸ್ತಾರವಾದ ಭಾರತದ ಕಥೆಯಿಂದ ಗದಾಯುದ್ಧವೊಂದನ್ನೇ ಆರಿಸಿ, ಉಳಿದುದನ್ನು ಸಿಂಹಾವಲೋಕನ ಕ್ರಮದಿಂದ ಕಂಡದ್ದೂ ಇದೇ ವಿವೇಕದಿಂದ.

ಶಾಲೆಯಲ್ಲಿ ಸಾರಾಂಶ ಬರೆಯಿಸುವ ಉಪಾಧ್ಯಾಯರಿಗೂ ಈ ಅಭ್ಯಾಸ ಉಪಯುಕ್ತ. ‘ಮುಂದೇನಾಯಿತು’ ಎಂದು ಕೇಳಿದರೆ ವಿದ್ಯಾರ್ಥಿ ಕಥೆಯನ್ನು ಒಪ್ಪಿಸುತ್ತಾನೆ. ‘ಅವನು ಕಳೆದುಕೊಂಡದ್ದೇನು’ ಎಂದು ಕೇಳಿದರೆ ಯೋಚಿಸತೊಡಗುತ್ತಾನೆ. ಟೋಕಿಯೋ ನಗರದ ಸೆಂಗಾಕುಜಿಯಲ್ಲಿ ಆ ಯೋಧರ ಸಮಾಧಿಗಳು ಒಡೆಯನ ಸಮಾಧಿಯ ಬಳಿಯಲ್ಲೇ ಇವೆ. ಅಲ್ಲಿ ಇಂದಿಗೂ ಜನ ಧೂಪ ಹಚ್ಚುತ್ತಾರೆ. ಅವರು ಮಾಡಿದ್ದು ಸರಿಯೇ ಎಂಬ ಪ್ರಶ್ನೆ ಮಾತ್ರ ಮುಗಿದಿಲ್ಲ. ಒಳ್ಳೆಯ ಕಥಾಸೂತ್ರವು ಆ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ, ಅದನ್ನು ಮರೆಯಲೂ ಬಿಡುವುದಿಲ್ಲ.